ಬಣ್ಣ ಕೇಳಿದರೆ ಮೊದಲು ಗೋಡೆ ನೋಡು

ಪ್ರೀತಿಯ ಪುಟ್ಟು,

ಆಶೀರ್ವಾದಗಳು. ನಿನ್ನ ಮೆಸೇಜು ಓದಿದೆ. ಕರಾರು ಮುಂದುವರಿಸುವ ಮೊದಲು ಇಡೀ ಫ್ಲ್ಯಾಟಿಗೆ ಹೊಸದಾಗಿ ಪೇಂಟ್ ಮಾಡಿಸಿಕೊಡಿ ಅಂತ ಬಾಡಿಗೆಯವರು ಕೇಳಿದ್ದಾರೆ, ನಿನಗೆ ಸಿಟ್ಟು ಬಂದಿದೆ. "ಇಷ್ಟ ಇದ್ದರೆ ಇರಲಿ, ಇಲ್ಲದಿದ್ದರೆ ಖಾಲಿ ಮಾಡಲಿ ಅಂತ ಬರೆದುಬಿಡಲಾ ದೊಡ್ಡಮ್ಮ?" ಅಂತ ಕೇಳಿದ್ದೀಯ. ಬರೆಯಬೇಡ. ಹಾಗಂತ "ಆಯ್ತು, ಮಾಡಿಸಿಕೊಡ್ತೀನಿ" ಅಂತಲೂ ಈಗಲೇ ಹೇಳಬೇಡ. ನೀನಿನ್ನೂ ಗೋಡೆಯನ್ನೇ ನೋಡಿಲ್ಲವಲ್ಲೋ!

ಇವತ್ತು ಎರಡೇ ಸಾಲು ಕಳಿಸು. "ನಿಮ್ಮ ಮಾತು ತಲುಪಿತು. ಈ ವಾರದಲ್ಲಿ ನಿಮಗೆ ಯಾವಾಗ ಅನುಕೂಲ ಹೇಳಿ, ಬಂದು ಒಟ್ಟಿಗೆ ನೋಡೋಣ." ಅಷ್ಟು ಸಾಕು. ಹೇಳದೆ ಕೇಳದೆ ಹೋಗಿ ಬಾಗಿಲು ತಟ್ಟಬೇಡ. ಬಾಡಿಗೆ ಕೊಡುತ್ತಿರುವಷ್ಟು ದಿನ ಅದು ಅವರ ಮನೆ. ಮುಂಚೆ ತಿಳಿಸಿಯೇ ಹೋಗಬೇಕು ಅಂತ ಎಷ್ಟೋ ಕಡೆ ಕಾನೂನೇ ಇದೆ.

ಹೋದಾಗ ಬಾಗಿಲಲ್ಲೇ ನಿಂತು ವಾದ ಶುರು ಮಾಡಬೇಡ. ಬಣ್ಣ ಬೇಕು ಅನ್ನುವ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ವಿಷಯ ಇರಬಹುದು. ಗೋಡೆಗೆ ಕಾಯಿಲೆ ಬಂದಿರಬಹುದು. ಬಣ್ಣಕ್ಕೆ ವಯಸ್ಸಾಗಿರಬಹುದು. ಅಥವಾ ಸುಮ್ನೆ ಆ ಬಣ್ಣ ನೋಡಿ ನೋಡಿ ಅವರ ಕಣ್ಣಿಗೆ ಬೇಜಾರಾಗಿರಬಹುದು. ಮೂರಕ್ಕೂ ದುಡ್ಡು ಕೊಡಬೇಕಾದವರು ಬೇರೆ ಬೇರೆ. ಒಂದೇ ಮನೆಯಲ್ಲಿ ಮೂರೂ ಇರುವುದು ಮಾಮೂಲು. ಅದಕ್ಕೇ ಇಡೀ ಮನೆಗೆ ಒಂದೇ ಉತ್ತರ ಕೊಡಬೇಡ ಅನ್ನುತ್ತಿರುವುದು. ಕೋಣೆ ಕೋಣೆಗೆ, ಗೋಡೆ ಗೋಡೆಗೆ ಬೇರೆ ಉತ್ತರ ಇರುತ್ತದೆ.

ಕಾಯಿಲೆಯ ವಿಷಯ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಜನ ದುಡ್ಡು ಕಳೆದುಕೊಳ್ಳುವುದು ಜಾಸ್ತಿ ಇಲ್ಲೇ. ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಚಕ್ಕೆ ಎದ್ದಿದೆಯಾ ನೋಡು. ಅಂಗೈಯಿಂದ ಒರೆಸು. ಬಿಳಿ ಹಿಟ್ಟಿನಂಥ ಪುಡಿ ಕೈಗೆ ಹತ್ತಿದರೆ ಅದು ಉಪ್ಪು. ಇಟ್ಟಿಗೆ, ಸಿಮೆಂಟಿನೊಳಗಿನ ಲವಣ ನೀರಿನಲ್ಲಿ ಕರಗಿ ಹೊರಗೆ ಬರುತ್ತದೆ, ನೀರು ಆರಿದ ಮೇಲೆ ಅದು ಗೋಡೆಯ ಮೇಲೇ ಉಳಿಯುತ್ತದೆ. ಅದರ ಮೇಲೆ ಎಷ್ಟು ಒಳ್ಳೆಯ ಪೇಂಟ್ ಬಳಿದರೂ ನಿಲ್ಲುವುದಿಲ್ಲ, ಆ ಉಪ್ಪೇ ಒಳಗಿನಿಂದ ತಳ್ಳುತ್ತದೆ. ಸೀಲಿಂಗಿನಲ್ಲಿ ಅಂಚು ಕಂದಾದ ಕಲೆ ಇದ್ದರೆ ಮೇಲೆ ಯಾರದ್ದೋ ಬಚ್ಚಲೋ ಪೈಪೋ ಸೋರುತ್ತಿದೆ. ಪೇಂಟರ್ ಅನ್ನು ಕರೆಯುವ ಮೊದಲು ಪ್ಲಂಬರ್ ಅನ್ನು ಕರೆಸು.

ಇನ್ನೊಂದು ಇದೆ, ಜಗಳಕ್ಕೆ ಮೂಲವಾಗುವುದು ಅದೇ. ಬೀರುವಿನ ಹಿಂದೆ, ಹೊರಗೋಡೆಯ ಮೂಲೆಯಲ್ಲಿ, ಕಪ್ಪು ಕಪ್ಪು ಚುಕ್ಕೆಯಾಗಿ ಬೂಷ್ಟು ಹಿಡಿಯುತ್ತದಲ್ಲ, ಅದು. ಓನರ್ ಹೇಳುತ್ತಾನೆ, "ನೀವು ಕಿಟಕಿ ತೆಗೆಯಲ್ಲ, ಬಟ್ಟೆ ಒಳಗೇ ಒಣಗಿಸ್ತೀರಿ." ಬಾಡಿಗೆಯವರು ಹೇಳುತ್ತಾರೆ, "ನಿಮ್ಮ ಗೋಡೆನೇ ಸೋರುತ್ತೆ." ಇಬ್ಬರೂ ಊಹೆಯ ಮೇಲೆ ಮಾತಾಡುತ್ತಿರುತ್ತಾರೆ. ಇದನ್ನು ತಿಳಿಯಲು ಸುಲಭದ ದಾರಿಯಿದೆ. ಬೂಷ್ಟು ಒರೆಸಿ, ಗೋಡೆಯ ಮೇಲ್ಮೈ ಒಣಗಿಸಿ, ಅಂಗೈಗಿಂತ ದೊಡ್ಡದಾದ ಅಲ್ಯೂಮಿನಿಯಂ ಫಾಯಿಲ್ ತುಂಡನ್ನು ಅಲ್ಲಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸು. ಒಂದೆರಡು ದಿನ ಬಿಟ್ಟು ನೋಡು. ಕೋಣೆಯ ಕಡೆಗಿರುವ ಮುಖದ ಮೇಲೆ ಹನಿ ಕಟ್ಟಿದ್ದರೆ ಅದು ಕೋಣೆಯ ಗಾಳಿಯಲ್ಲಿರುವ ತೇವ. ಫಾಯಿಲ್ ಬಿಡಿಸಿದಾಗ ಗೋಡೆಗೆ ಅಂಟಿದ್ದ ಮುಖ ಒದ್ದೆಯಾಗಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಫಾಯಿಲನ್ನು ಅವರ ಎದುರಿಗೇ ಅಂಟಿಸು, ಅವರ ಎದುರಿಗೇ ಬಿಡಿಸು. ಆಮೇಲೆ ಯಾರೂ ದನಿ ಏರಿಸುವುದಿಲ್ಲ.

ಗೋಡೆಯೊಳಗಿನ ತೇವ ಆದರೆ ಅದು ನಿನ್ನ ಖರ್ಚು, ಅದರಲ್ಲಿ ಚೌಕಾಸಿ ಬೇಡ. ಗಾಳಿಯ ತೇವ ಆದರೆ ಮಾತಾಡಿ ಬಗೆಹರಿಸಿಕೊಳ್ಳಬೇಕು. ಬೀರು ಗೋಡೆಯಿಂದ ಒಂದು ಗೇಣು ಈಚೆಗೆ ಬರಲಿ, ದಿನಕ್ಕೆರಡು ಹೊತ್ತು ಕಿಟಕಿ ತೆಗೆಯಲಿ. ಮನೆಯೊಳಗಿನ ಗಾಳಿಯ ತೇವ 60%ಕ್ಕಿಂತ ಕೆಳಗಿದ್ದರೆ ಬೂಷ್ಟು ಅಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಆದರೆ ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನೇ ಇಲ್ಲದಿದ್ದರೆ, ಕಿಟಕಿಯೇ ತೆರೆಯಲು ಬರದಿದ್ದರೆ, ಅವರನ್ನು ದೂರಿ ಏನು ಪ್ರಯೋಜನ ಹೇಳು? ಅದನ್ನು ನೀನು ಸರಿಮಾಡಿಸಬೇಕು. ಬೂಷ್ಟಿನ ಮೇಲೇ ಬಣ್ಣ ಬಳಿಯುವ ಪೇಂಟರ್ ಸಿಕ್ಕರೆ ಅಲ್ಲೇ ಕೈಮುಗಿದು ಕಳಿಸು. ಮೊದಲು ತೊಳೆಯಬೇಕು, ಒಣಗಿಸಬೇಕು, ಆಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ತಳಪದರ. ಗಾರೆ ಕಿತ್ತು ಹೊಸದಾಗಿ ಹಾಕಿಸಿದರೆ ಅದು ಆರಲು ಸುಮಾರು 4 ವಾರ ಬೇಕು. ಅವಸರ ಮಾಡಿದರೆ ಮುಂದಿನ ವರ್ಷ ಇದೇ ಮೆಸೇಜು ಮತ್ತೆ ಬರುತ್ತದೆ.

ಇನ್ನು ವಯಸ್ಸಾದ ಬಣ್ಣ. ಬಿಸಿಲು ಬೀಳುವ ಗೋಡೆ ಮಾಸಿರುತ್ತದೆ. ಫೋಟೋ ತೂಗುಹಾಕಿದ ಕಡೆ ಮಾತ್ರ ಹಳೆಯ ಬಣ್ಣ ಚೌಕಾಕಾರದಲ್ಲಿ ಹಾಗೇ ಉಳಿದಿರುತ್ತದೆ. ಸ್ವಿಚ್ ಬೋರ್ಡಿನ ಸುತ್ತ ಕೈ ತಾಗಿ ಕಪ್ಪಾಗಿರುತ್ತದೆ, ಕುರ್ಚಿಯ ಬೆನ್ನು ಉಜ್ಜಿ ಗೆರೆ ಬಿದ್ದಿರುತ್ತದೆ, ನಾಲ್ಕಾರು ಮೊಳೆಯ ತೂತು ಇರುತ್ತವೆ. ಇದೆಲ್ಲ ಜನ ಬಾಳಿದ ಗುರುತು. ಇದಕ್ಕೆ ಡೆಪಾಸಿಟ್ಟಿನಲ್ಲಿ ಕೈಹಾಕಬೇಡ, ಆ ಸವಕಲಿಗೇ ಅಲ್ವಾ ಅವರು ಪ್ರತಿ ತಿಂಗಳು ಬಾಡಿಗೆ ಕೊಡುವುದು? ಗೋಡೆ ತುಂಬ ಡ್ರಿಲ್ ಹೊಡೆದಿದ್ದಾರೆ, ಅಂಟಿಸಿದ ಸ್ಟಿಕ್ಕರ್ ಕಿತ್ತು ಪುಟ್ಟಿಯನ್ನೂ ಜೊತೆಗೇ ಎಬ್ಬಿಸಿದ್ದಾರೆ, ಒಳಗೆ ಸಿಗರೇಟು ಸೇದಿ ಸೀಲಿಂಗ್ ಹಳದಿಯಾಗಿದೆ ಅಂದರೆ ಅದು ಬೇರೆ ಮಾತು. ಅದು ಹಾನಿ, ಅದರಲ್ಲಿ ಅವರ ಪಾಲಿದೆ.

ಆದರೆ ಪೂರ್ತಿ ಪಾಲು ಅಲ್ಲ. ಇಲ್ಲಿ ಓನರುಗಳು ಎಡವುತ್ತಾರೆ. ಬಣ್ಣದ ಆಯಸ್ಸು 5 ವರ್ಷ ಅಂತ ಇಟ್ಟುಕೋ. 3 ವರ್ಷ ಆಗಲೇ ಕಳೆದಿದ್ದರೆ ಆ ಬಣ್ಣದಲ್ಲಿ ಉಳಿದಿದ್ದ ಬೆಲೆ ಐದರಲ್ಲಿ ಎರಡು ಪಾಲು ಮಾತ್ರ. ಆ ಒಂದು ಗೋಡೆಯ ಖರ್ಚಿನಲ್ಲಿ ಅಷ್ಟನ್ನು ಕೇಳಬಹುದು. ಒಂದು ಗೋಡೆಯ ಗೀರು ತೋರಿಸಿ ಇಡೀ ಮನೆಯ ಬಣ್ಣ ಅವರ ದುಡ್ಡಿನಲ್ಲಿ ಮಾಡಿಸುವುದು ನ್ಯಾಯವೂ ಅಲ್ಲ, ಯಾರ ಮುಂದೆ ಹೋದರೂ ನಿಲ್ಲುವುದೂ ಇಲ್ಲ. ಅವರು ಬರುವಾಗ ನೀನು ದಿನಾಂಕದ ಸಮೇತ ಫೋಟೋ ತೆಗೆದಿದ್ದೀಯಾ? ಇದ್ದರೆ ಜೊತೆಗೆ ಒಯ್ಯಿ. ಇಲ್ಲದಿದ್ದರೆ ಈ ವಾದಕ್ಕೇ ಇಳಿಯಬೇಡ.

ಕಾನೂನು ಏನು ಹೇಳುತ್ತದೆ ಅಂತ ಕೇಳಿದ್ದೀಯ. ಊರಿಗೊಂದು ಕಾನೂನು ಕಣೋ. ನ್ಯೂಯಾರ್ಕ್ ನಗರದಲ್ಲಿ ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡವಾದರೆ 3 ವರ್ಷಕ್ಕೊಮ್ಮೆ ಓನರೇ ಬಣ್ಣ ಹೊಡೆಸಬೇಕು. ಜರ್ಮನಿಯಲ್ಲಿ ಬಣ್ಣದ ಹೊಣೆಯನ್ನು ಕರಾರಿನಲ್ಲಿ ಬಾಡಿಗೆದಾರರ ಮೇಲೆ ಹಾಕುವ ವಾಡಿಕೆ ಇತ್ತು. ಬಣ್ಣ ಮಾಡಿಸದೆ ಕೊಟ್ಟ ಮನೆಗೆ, ಸರಿಯಾದ ಪರಿಹಾರ ಕೊಡದೆ ಹಾಗೆ ಹೊಣೆ ಹಾಕಿದರೆ ಆ ಷರತ್ತು ನಿಲ್ಲುವುದಿಲ್ಲ ಅಂತ ಅಲ್ಲಿನ ಅತ್ಯುನ್ನತ ಕೋರ್ಟು 2015ರಲ್ಲಿ ಹೇಳಿತು. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಎರಡೂ ಮಾಲೀಕರ ಪಾಲಿನಲ್ಲಿವೆ. ಆದರೆ ಅದು ಮಾದರಿ, ರಾಜ್ಯಗಳು ಒಪ್ಪಿಕೊಂಡರೆ ಮಾತ್ರ ಜಾರಿ. ನೀನು ಮಾಡಬೇಕಾದ್ದು ಇಷ್ಟೆ: ಮೊದಲು ನಿನ್ನ ಕರಾರು ಪತ್ರ ಓದು, ಆಮೇಲೆ ಆ ಮನೆ ಇರುವ ಊರಿನ ನಿಯಮ ವಿಚಾರಿಸು. ಕರಾರಿಗೆ ಸಹಿ ಹಾಕಿದವರೇ ಅದನ್ನು ಸರಿಯಾಗಿ ಓದಿರುವುದಿಲ್ಲ, ಅದೊಂದು ತಮಾಷೆ.

ಮೂರನೆಯದು ಕಣ್ಣಿನ ಬೇಜಾರು. ಹಾಲ್‌ನ ಒಂದು ಗೋಡೆಗೆ ಕಡು ನೀಲಿ ಬೇಕಂತೆ ಅಂತ ನೀನು ವ್ಯಂಗ್ಯವಾಗಿ ಬರೆದಿದ್ದೀಯ. ಅದರಲ್ಲಿ ವ್ಯಂಗ್ಯ ಮಾಡುವಂಥದ್ದೇನಿಲ್ಲ. ಆಸೆ ಅವರದ್ದು, ಖರ್ಚೂ ಅವರದ್ದೇ. ಒಪ್ಪಿಕೋ, ಆದರೆ ಬರವಣಿಗೆಯಲ್ಲಿ. ಪೇಂಟರ್ ಯಾರು ಅಂತ ನಿನಗೆ ಮೊದಲೇ ತಿಳಿಸಬೇಕು, ಬಿಡುವಾಗ ಮೊದಲಿನ ಬಣ್ಣಕ್ಕೆ ತರಬೇಕು. ಕಡು ಬಣ್ಣದ ಮೇಲೆ ತಿಳಿ ಬಣ್ಣ ಬರಲು ಪ್ರೈಮರ್ ಬೇಕು, ಕೋಟೂ ಜಾಸ್ತಿ ಬೇಕು. ಆ ಖರ್ಚು ಅವರದ್ದೇ ಅಂತ ಈಗಲೇ ಸ್ಪಷ್ಟ ಇರಲಿ. ರಜಾದಿನದಲ್ಲಿ ನಾವೇ ಬಳಿದುಕೊಳ್ಳುತ್ತೇವೆ ಅಂದರೆ ನಾನಾದರೆ ಒಪ್ಪುವುದಿಲ್ಲ. ಹುಮ್ಮಸ್ಸು ಮೊದಲ ಗೋಡೆಗೇ ಮುಗಿದುಹೋಗುತ್ತದೆ, ಸ್ವಿಚ್ಚಿನ ಮೇಲೆ, ಟೈಲ್ಸ್ ಮೇಲೆ ಹನಿ ಉಳಿಯುತ್ತದೆ.

ಈಗ ದುಡ್ಡಿನ ಲೆಕ್ಕ. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆ ಅಂದುಕೋ. ನಾಲ್ಕು ಗೋಡೆ ಸೇರಿ 42 ಚದರ ಮೀಟರ್. ಬಾಗಿಲು ಕಿಟಕಿ ಕಳೆದರೆ ಸುಮಾರು 38. ನಯವಾದ ಗೋಡೆಗೆ ಒಂದು ಲೀಟರ್ ಎಮಲ್ಷನ್ ಪೇಂಟ್ ಒಂದು ಸಲ ಬಳಿಯಲು 10ರಿಂದ 12 ಚದರ ಮೀಟರ್‌ಗೆ ಬರುತ್ತದೆ. ಎರಡು ಸಲ ಬಳಿಯಲು 7 ಲೀಟರ್ ಆಸುಪಾಸು. ಯಾರಾದರೂ 15 ಲೀಟರ್ ಅಂತ ಬರೆದುಕೊಟ್ಟರೆ ಯಾಕೆ ಅಂತ ಕೇಳು. ಪೇಂಟಿಗಿಂತ ಕೂಲಿಯೇ ಜಾಸ್ತಿ ಆಗುವುದುಂಟು, ಹಾಗಾಗಿ ಡಬ್ಬದಲ್ಲಿ ಉಳಿಸಲು ಹೋಗಿ ಕಳಪೆ ಪೇಂಟ್ ತರಬೇಡ. ಬಾಡಿಗೆ ಮನೆಗೆ ಒರೆಸಿದರೆ ಸ್ವಚ್ಛವಾಗುವಂಥ ಪೇಂಟ್ ಒಳ್ಳೆಯದು. ಹೊಸ ಬಣ್ಣ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಒದ್ದೆ ಬಟ್ಟೆಯಿಂದ ಉಜ್ಜಬೇಡಿ ಅಂತ ಅವರಿಗೆ ಹೇಳು.

ಕಲೆ ಇದ್ದಲ್ಲಿ ಮಾತ್ರ ಹಚ್ಚಿಸಿ ಮುಗಿಸೋಣ ಅಂತ ಪೇಂಟರ್ ಹೇಳಬಹುದು. ಹಳೆಯ ಬಣ್ಣ ಮಾಸಿರುತ್ತದೆ, ಅದೇ ಡಬ್ಬದ ಪೇಂಟ್ ಆದರೂ ತೇಪೆ ಎದ್ದು ಕಾಣುತ್ತದೆ. ಹಾಕಿಸುವುದಾದರೆ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಪೂರ್ತಿ ಗೋಡೆ ಹಾಕಿಸು. ಶೇಡ್ ನಂಬರ್ ಬರೆದಿಟ್ಟುಕೋ.

ಒಂದು ಎಚ್ಚರಿಕೆ. ಕಟ್ಟಡ ಹಳೆಯದಾಗಿದ್ದರೆ ಕೆಳಗಿನ ಪದರದಲ್ಲಿ ಸೀಸ ಬೆರೆತ ಬಣ್ಣ ಇರಬಹುದು. ಅಮೆರಿಕದಲ್ಲಿ ಮನೆಗಳಿಗೆ ಅಂಥ ಬಣ್ಣ ನಿಂತದ್ದೇ 1978ರಲ್ಲಿ. ಇಷ್ಟು ಸೀಸ ದೇಹಕ್ಕೆ ಹೋದರೆ ತೊಂದರೆಯಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರ ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ ಅಂದೆಯಲ್ಲ? ಒಣಗೋಡೆಯನ್ನು ಉಜ್ಜುಕಾಗದ ಹಿಡಿದು ಕೆರೆಯಲು ಬಿಡಬೇಡ. ಮೊದಲು ಪರೀಕ್ಷೆ ಮಾಡಿಸು. ಸೀಸ ಇದೆ ಅಂತಾದರೆ ಅದನ್ನು ತಿಳಿದವರೇ ಮಾಡಲಿ, ಆ ಹೊತ್ತು ಮಗು ಮನೆಯಲ್ಲಿರುವುದು ಬೇಡ.

ಇಷ್ಟೆಲ್ಲ ನೋಡಿದ ಮೇಲೂ ಮಾಡಿಸಲಾ ಬೇಡವಾ ಅಂತ ಅನುಮಾನ ಇದ್ದರೆ, ಅವರು ಎಂಥ ಬಾಡಿಗೆಯವರು ಅಂತ ಯೋಚಿಸು. ತಿಂಗಳ ಮೊದಲ ವಾರವೇ ಬಾಡಿಗೆ ಬರುತ್ತದೆ, ನೆರೆಯವರಿಂದ ಒಂದು ದೂರಿಲ್ಲ ಅಂತ ನೀನೇ ಹೊಗಳಿದ್ದೆ. ಅವರು ಹೋದರೆ ಹೊಸಬರಿಗಾಗಿ ಹೇಗೂ ಬಣ್ಣ ಮಾಡಿಸಲೇಬೇಕು. ಮೇಲಿಂದ ಮನೆ ಒಂದು ತಿಂಗಳು ಖಾಲಿ ಬಿದ್ದರೆ ವರ್ಷದ ಬಾಡಿಗೆಯಲ್ಲಿ 8% ಹೋಯಿತು. ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುತ್ತದೆಯೇ? ಹಾಗಾಗಿ ನನ್ನ ಕೈಯಲ್ಲಿದ್ದರೆ ತೇವದ ಗೋಡೆ ಈಗಲೇ ರಿಪೇರಿ, ತುಂಬ ಮಾಸಿದ ಹಾಲ್ ಮತ್ತು ಮಲಗುವ ಕೋಣೆ ಈ ವರ್ಷ, ಉಳಿದದ್ದು ಮುಂದಿನ ಸಲ ಕರಾರು ಮಾಡುವಾಗ. ಬಣ್ಣ ಮಾಡಿಸಿದ್ದೀನಲ್ಲ ಅಂತ ಅದೇ ಉಸಿರಿನಲ್ಲಿ ಬಾಡಿಗೆ ಏರಿಸಬೇಡ. ಏರಿಸುವುದಿದ್ದರೆ ಮೊದಲೇ, ನೇರವಾಗಿ, ಎಷ್ಟು ಅಂತ ಹೇಳಿಬಿಡು. ಬಣ್ಣದ ಹಿಂದೆ ಅದನ್ನು ಅಡಗಿಸಿಡಬೇಡ.

ಜನ ಇರುವ ಮನೆಯಲ್ಲಿ ಬಣ್ಣ ಮಾಡಿಸುವುದು ತಲೆನೋವೇ. ಒಂದು ಸಲಕ್ಕೆ ಒಂದು ಕೋಣೆ. ಸಾಮಾನು ಸರಿಸುವವರು ಯಾರು, ಏನಾದರೂ ಒಡೆದರೆ ಯಾರ ತಲೆಗೆ, ಪೇಂಟರ್ ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೊರಡುತ್ತಾನೆ, ಇದೆಲ್ಲ ಮೊದಲೇ ಮಾತಾಗಲಿ.

ನೋಡಿ ಬಂದ ರಾತ್ರಿಯೇ ಅವರಿಗೆ ಹೀಗೆ ಬರೆದು ಕಳಿಸು:

"ಇವತ್ತು ಒಟ್ಟಿಗೆ ನೋಡಿದಂತೆ, ಮಲಗುವ ಕೋಣೆಯ ಹೊರಗೋಡೆಯ ತೇವ ನಾನು ರಿಪೇರಿ ಮಾಡಿಸುತ್ತೇನೆ. ಅದು ಆರಿದ ಮೇಲೆ ಆ ಕೋಣೆಗೂ ಹಾಲಿಗೂ ನನ್ನ ಖರ್ಚಿನಲ್ಲಿ ಈಗಿನ ಶೇಡಿನಲ್ಲೇ ಬಣ್ಣ. ಉಳಿದ ಕೋಣೆಗಳು ಮುಂದಿನ ಕರಾರಿನ ಹೊತ್ತಿಗೆ. ನೀಲಿ ಗೋಡೆ ನಿಮ್ಮ ಖರ್ಚಿನಲ್ಲಿ ಮಾಡಿಸಿಕೊಳ್ಳಬಹುದು, ಬಿಡುವಾಗ ಮೊದಲಿನಂತೆ ಮಾಡಿಕೊಡಬೇಕು. ಒಪ್ಪಿಗೆಯಾದರೆ ತಿಳಿಸಿ, ದಿನ ಗೊತ್ತು ಮಾಡೋಣ."

ಗೋಡೆ ನೋಡಿದಾಗ ಬೇರೇನಾದರೂ ಕಂಡರೆ ಇದನ್ನು ಬದಲಾಯಿಸಿಕೋ, ನಾನು ಇಲ್ಲಿ ಕೂತು ಊಹಿಸಿ ಬರೆದದ್ದು. ಅವರು ಒಂದೆರಡು ವಿಷಯಕ್ಕೆ ಎಳೆದಾಡುತ್ತಾರೆ, ಎಳೆದಾಡಲಿ. ಹಾಲ್ ಬೇಡ, ಅಡುಗೆಮನೆ ಮಾಡಿಸಿ ಅಂದರೆ ಒಪ್ಪಿಕೋ. ನಿನಗೇನೂ ನಷ್ಟವಿಲ್ಲ. ಫಾಯಿಲ್ ಬಿಡಿಸಿದ ದಿನ ನನಗೊಂದು ಫೋಟೋ ಕಳಿಸು, ಯಾವ ಮುಖ ಒದ್ದೆಯಿದೆ ನಾನೂ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ