ಮ್ಯಾಕ್ಸ್ ಶ್ರೆಕ್ ರಂಗಭೂಮಿಯ ನಟ

ಮಾನ್ಯ ಸಂಪಾದಕರೇ,

ಮೂಕಿ ಚಿತ್ರಗಳನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವು, ಮುರ್ನೌ ನಿರ್ದೇಶನದ ‘ನೊಸ್ಫೆರಾಟು’ (1922) ಚಿತ್ರದಲ್ಲಿ ರಕ್ತಪಿಶಾಚಿಯಾಗಿ ನಟಿಸಿದ ಮ್ಯಾಕ್ಸ್ ಶ್ರೆಕ್ ಅವರನ್ನು ಹಿಂದುಮುಂದಿಲ್ಲದ ನಿಗೂಢ ಮನುಷ್ಯನೆಂದು ಬಣ್ಣಿಸಿದೆ. ಮೂರು ದಶಕ ರಂಗದ ಮೇಲೆ ದುಡಿದ ಕಲಾವಿದನಿಗೆ ಈ ಮಾತು ಸಲ್ಲದು.

1879ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಶ್ರೆಕ್, ಹೆಸರಾಂತ ರಂಗನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ಅವರ ತಂಡದಲ್ಲಿ ಪಳಗಿ, 1919ರಲ್ಲಿ ಮ್ಯೂನಿಕ್‌ನ ಕಾಮರ್‌ಸ್ಪೀಲೆ ರಂಗಮಂದಿರ ಸೇರಿದರು. ಪಿಶಾಚಿಯಾಗಿ ತೆರೆಗೆ ಬಂದ ವರ್ಷವೇ ಅಲ್ಲಿ ಜರ್ಮನ್ ನಾಟಕಕಾರ ಬ್ರೆಕ್ಟ್ ಅವರ ನಾಟಕವೊಂದರ ಮೊದಲ ಪ್ರಯೋಗದಲ್ಲಿ ಹೆಂಡದಂಗಡಿಯವನ ಪಾತ್ರ ಮಾಡಿದರು. ಮಡದಿ ಫ್ಯಾನಿ ನಾರ್ಮನ್ ಕೂಡ ನಟಿ. ಜರ್ಮನ್ ಭಾಷೆಯಲ್ಲಿ ‘ಶ್ರೆಕ್’ ಎಂದರೆ ಭೀತಿ. ಹುಟ್ಟಿನಿಂದ ಬಂದ ಆ ಹೆಸರೇ, ಆತ ನಿಜಕ್ಕೂ ಪಿಶಾಚಿಯಾಗಿದ್ದನೆಂಬ ವದಂತಿಗೆ ಇಂಬುಕೊಟ್ಟಿತು. 2000ದಲ್ಲಿ ಅದೇ ವದಂತಿಯ ಮೇಲೆ ಒಂದು ಚಲನಚಿತ್ರವೂ ಬಂತು. ಬೋಳುತಲೆ, ಚೂಪು ಕಿವಿ, ಇಲಿಯಂಥ ಮುಂಬಲ್ಲುಗಳೆಲ್ಲ ಬಣ್ಣದ ಮನೆಯ ಕೆಲಸ. ಆದರೆ ಭುಜ ಬಿಗಿಹಿಡಿದು, ತೋಳು ಮೈಗಂಟಿಸಿಕೊಂಡು, ಹೆಜ್ಜೆ ಹೆಜ್ಜೆಗೂ ನಮ್ಮ ಉಸಿರು ಕಟ್ಟಿಸುವ ಆ ನಡಿಗೆ, ದೇಹವನ್ನು ವರ್ಷಗಟ್ಟಲೆ ದುಡಿಸಿದ ರಂಗನಟನಿಗಷ್ಟೇ ದಕ್ಕುವಂಥದ್ದು ಎಂದು ನಾನು ದೃಢವಾಗಿ ನಂಬಿದ್ದೇನೆ.

1936ರ ಫೆಬ್ರುವರಿ 19ರ ರಾತ್ರಿ, ಶಿಲ್ಲರ್‌ನ ‘ಡಾನ್ ಕಾರ್ಲೋಸ್’ ನಾಟಕದಲ್ಲಿ ಸಹನಟರೊಬ್ಬರ ಬದಲಿಗೆ ಧರ್ಮವಿಚಾರಣಾಧಿಕಾರಿಯ ಪಾತ್ರ ನಿರ್ವಹಿಸಿದ ಶ್ರೆಕ್, ಮರುದಿನ ಬೆಳಿಗ್ಗೆ ತೀರಿಕೊಂಡರು. ಆಗ ಅವರಿಗೆ 56 ವರ್ಷ. ಬಾರದವನ ಪಾತ್ರಕ್ಕೆ ಗಳಿಗೆಯಲ್ಲಿ ಬಣ್ಣ ಹಚ್ಚಿಕೊಂಡು ನಿಲ್ಲುವುದು ಎಂಥ ಹೊಣೆ ಎಂಬುದನ್ನು, ಚಿಂದೋಡಿ ಲೀಲಾ ಅವರ ಕಂಪನಿಯ ನಾಟಕಗಳನ್ನು ನೋಡುತ್ತ ಬೆಳೆದ ದಾವಣಗೆರೆಯವರಿಗೆ ವಿವರಿಸಬೇಕಿಲ್ಲ. ಆ ನಾಟಕಗಳ ಸಾಹುಕಾರ, ಗೌಡ, ಕುಂಟ ಮುದುಕರ ಮುಖಗಳು ನನ್ನ ಕಣ್ಣಿಗೆ ಕಟ್ಟಿವೆ. ಹೆಸರುಗಳನ್ನು ಮಾತ್ರ ನಾನು ಆಗ ಕೇಳಲೇ ಇಲ್ಲ, ಆ ಸಂಕಟ ಇಂದಿಗೂ ಇದೆ.

ಆದ್ದರಿಂದ ಶ್ರೆಕ್ ಅವರ ಬಗೆಗಿನ ತಪ್ಪನ್ನು ತಿದ್ದುವುದರೊಂದಿಗೆ, ಸಾಣೇಹಳ್ಳಿಯ ನಾಟಕೋತ್ಸವದ ದಿನಗಳಲ್ಲಾದರೂ, ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಇನ್ನೂ ನಮ್ಮೊಡನಿರುವ ಪೋಷಕ ಪಾತ್ರಧಾರಿಗಳನ್ನು ಅವರವರ ಮನೆಯಲ್ಲೇ ಮಾತನಾಡಿಸಿ, ಹೆಸರು ಮತ್ತು ಭಾವಚಿತ್ರದೊಂದಿಗೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ರಂಗಾಸಕ್ತ ಓದುಗ
ಪಿ.ಜೆ. ಬಡಾವಣೆ, ದಾವಣಗೆರೆ