ರಿಚ್‌ಮಂಡ್ ಬಾಸ್ಟನ್ನನ್ನು ಹೋಲುವುದು ಆಕಸ್ಮಿಕವಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯ ಅಮೆರಿಕ ಪ್ರವಾಸ ಲೇಖನದಲ್ಲಿ, ಆ ದೇಶದ ದಕ್ಷಿಣದ ಊರುಗಳೆಂದರೆ ಅಗಲವಾದ ರಸ್ತೆ, ದೂರ ದೂರದ ಮನೆ, ಕಾರಿಲ್ಲದೆ ಹಾಲು ತರಲೂ ಆಗದ ಬಡಾವಣೆ ಎಂದೂ, ಒತ್ತೊತ್ತಾಗಿ ಕಟ್ಟಿದ ಇಟ್ಟಿಗೆ ಮನೆಗಳ ನಡೆದಾಡುವ ಊರುಗಳು ಬಾಸ್ಟನ್, ಫಿಲಡೆಲ್ಫಿಯಾಗಳಿರುವ ಈಶಾನ್ಯ ಭಾಗಕ್ಕೇ ಮೀಸಲೆಂದೂ ಬರೆಯಲಾಗಿದೆ. ಹ್ಯೂಸ್ಟನ್, ಷಾರ್ಲೆಟ್‌ಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ವರ್ಜೀನಿಯಾದ ರಿಚ್‌ಮಂಡ್ ನಗರವನ್ನೂ ಅದೇ ಸಾಲಿಗೆ ಸೇರಿಸಿರುವುದು ಸರಿಯಲ್ಲ. ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಬಂಡೆದ್ದ ದಕ್ಷಿಣ ರಾಜ್ಯಗಳ ರಾಜಧಾನಿಯೇ ಆಗಿದ್ದ ಈ ಊರಿನ ದಕ್ಷಿಣತನವನ್ನು ಯಾರೂ ಪ್ರಶ್ನಿಸಲಾರರು; ಆದರೂ ಅದರ ಹಳೆಯ ಬೀದಿಗಳು ಈಶಾನ್ಯದ ಊರುಗಳ ಬೀದಿಗಳಿಗೇ ಹತ್ತಿರ.

ಅಲ್ಲಿನ ಫ್ಯಾನ್ ಎಂಬ ಬಡಾವಣೆಯನ್ನು ನೋಡಬೇಕು. ಬೀಸಣಿಗೆಯ ಕಡ್ಡಿಗಳ ಹಾಗೆ ಪಶ್ಚಿಮಕ್ಕೆ ಹರಡಿಕೊಂಡ ಬೀದಿಗಳಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೂ ಇಪ್ಪತ್ತನೆಯ ಶತಮಾನದ ಮೊದಲಿಗೂ ಕಟ್ಟಿದ ಕಿರಿದಗಲದ ಇಟ್ಟಿಗೆ ಮನೆಗಳು ಒಂದಕ್ಕೊಂದು ಅಂಟಿದಂತೆ ನಿಂತಿವೆ. ಪಾದಚಾರಿ ಮಾರ್ಗದಿಂದ ನಾಲ್ಕಾರು ಮೆಟ್ಟಿಲು ಹತ್ತಿದರೆ ಮನೆ, ಹಿಂದೆ ಓಣಿ. ಬಾಸ್ಟನ್ನಿನವರಿಗೆ ಅಪರಿಚಿತವೆನಿಸಬಹುದಾದದ್ದು ಮನೆ ಮುಂದಿನ ಚಾವಣಿಯುಳ್ಳ ಜಗಲಿ ಮಾತ್ರ. ಅಷ್ಟನ್ನು ಅಲ್ಲಿನ ಸೆಖೆ ಕಟ್ಟಿಸಿಕೊಂಡಿದೆ.

ಈ ಹೋಲಿಕೆಗೆ ಮೊದಲ ಕಾರಣ ನೆಲದಲ್ಲಿಯೇ ಇದೆ. ಒಳನಾಡಿನ ಗಟ್ಟಿ ಬಂಡೆಯ ಪ್ರದೇಶ ಮುಗಿದು ಕರಾವಳಿಯ ಮೆತುನೆಲ ಆರಂಭವಾಗುವ ಅಂಚಿನಲ್ಲಿ ನದಿಗಳು ಧುಮುಕುತ್ತವೆ. ಸಮುದ್ರದಿಂದ ಬಂದ ಹಡಗುಗಳು ಅಲ್ಲಿಂದ ಮುಂದೆ ಹೋಗಲಾರವು. ಧುಮುಕುವ ನೀರು ಗಿರಣಿಗಳನ್ನು ತಿರುಗಿಸುತ್ತದೆ. ಫಿಲಡೆಲ್ಫಿಯಾ, ಬಾಲ್ಟಿಮೋರ್, ವಾಷಿಂಗ್ಟನ್, ರಿಚ್‌ಮಂಡ್ ನಾಲ್ಕೂ ಈ ಒಂದೇ ಅಂಚಿನ ಮೇಲೆ ಬೆಳೆದವು. ಜೇಮ್ಸ್ ನದಿಯ ದಡದಲ್ಲಿ ಹಿಟ್ಟಿನ ಗಿರಣಿಗಳು, ತಂಬಾಕಿನ ಕಾರ್ಖಾನೆಗಳು, 1837ರಲ್ಲಿ ಶುರುವಾದ ಟ್ರೆಡಿಗರ್ ಕಬ್ಬಿಣದ ಕಾರ್ಖಾನೆ ಎದ್ದು ನಿಂತು, ಹತ್ತಿಯ ಹೊಲಗಳ ನಡುವಿನ ಸಂತೆಯೂರಿನಂತಲ್ಲದೆ ಕೈಗಾರಿಕಾ ನಗರವಾಗಿಯೇ ರಿಚ್‌ಮಂಡ್ ಬೆಳೆಯಿತು.

ಎರಡನೆಯದು ಇನ್ನೂ ಸ್ವಾರಸ್ಯದ್ದು. ವಿದ್ಯುತ್ ಟ್ರಾಂ ವ್ಯವಸ್ಥೆಯೊಂದು ನಗರದ ಮಟ್ಟದಲ್ಲಿ ಮೊದಲು ಯಶಸ್ವಿಯಾದದ್ದು 1888ರಲ್ಲಿ, ಫ್ರಾಂಕ್ ಸ್ಪ್ರೇಗ್ ಎಂಬ ಎಂಜಿನಿಯರ್ ರಿಚ್‌ಮಂಡ್‌ನ ಏರುತಗ್ಗಿನ ಬೀದಿಗಳಲ್ಲಿ ಅದನ್ನು ಓಡಿಸಿದಾಗ. ಬಾಸ್ಟನ್ನಿನ ಕುದುರೆ ಟ್ರಾಂ ಕಂಪನಿಯ ಮುಖ್ಯಸ್ಥ ಹೆನ್ರಿ ವಿಟ್ನಿ ಇದನ್ನು ನೋಡಲು ಬಂದಾಗ, ಒಂದೇ ಕಡೆ ಅನೇಕ ಗಾಡಿಗಳು ಸೇರಿದರೆ ವಿದ್ಯುತ್ ಸಾಲದೇ ಹೋದೀತೆಂಬ ಅನುಮಾನ ಎದ್ದಿತು. ಸ್ಪ್ರೇಗ್ ರಾತ್ರಿ ಹೊತ್ತಿನಲ್ಲಿ ಇಪ್ಪತ್ತೆರಡು ಗಾಡಿಗಳನ್ನು ಒಂದರ ಹಿಂದೊಂದು ನಿಲ್ಲಿಸಿ ಹೊರಡಿಸಿದರು. ದೀಪಗಳು ಮಂಕಾದವು, ಗಾಡಿಗಳು ಮಾತ್ರ ನಿಲ್ಲಲಿಲ್ಲ. ಬಾಸ್ಟನ್ ಮರುವರ್ಷವೇ ವಿದ್ಯುತ್ ಟ್ರಾಂ ಓಡಿಸಿತು. ದಕ್ಷಿಣವು ಉತ್ತರವನ್ನು ಅನುಕರಿಸಿತೆಂದು ಸಲೀಸಾಗಿ ಹೇಳುವವರು ಇಲ್ಲಿ ಅನುಕರಿಸಿದವರು ಯಾರೆಂಬುದನ್ನು ಗಮನಿಸಬೇಕು. ಜನರು ನಡೆದೋ ಟ್ರಾಂ ಹತ್ತಿಯೋ ಓಡಾಡುತ್ತಿದ್ದ ಕಾಲದಲ್ಲಿ ಬೆಳೆದ ಊರು ಯಾವ ದಿಕ್ಕಿನಲ್ಲಿದ್ದರೂ ಒತ್ತಾಗಿಯೇ ಇರುತ್ತದೆ.

ಇಟ್ಟಿಗೆಯ ಹೋಲಿಕೆಯನ್ನು ಬದುಕಿನ ಹೋಲಿಕೆಯೆಂದು ಭಾವಿಸುವಂತಿಲ್ಲ ಎಂಬುದನ್ನೂ ಹೇಳಬೇಕು. ಟ್ರೆಡಿಗರ್‌ನಲ್ಲಿ ಗುಲಾಮರಿಂದ ದುಡಿಸಿಕೊಳ್ಳಲಾಗುತ್ತಿತ್ತು. ನದಿಯ ಬಳಿಯ ಶಾಕೋ ಬಾಟಮ್ ಪ್ರದೇಶ ಮನುಷ್ಯರನ್ನು ಹರಾಜು ಹಾಕುವ ದೊಡ್ಡ ಮಾರುಕಟ್ಟೆಯಾಗಿತ್ತು. ಮುಂದೆ ಕಪ್ಪು ಜನರ ವ್ಯಾಪಾರ ವಹಿವಾಟಿನ ಕೇಂದ್ರವಾದ ಜಾಕ್ಸನ್ ವಾರ್ಡ್‌ನಲ್ಲಿಯೂ ಇಂಥವೇ ಸಾಲುಮನೆಗಳಿದ್ದವು. 1950ರ ದಶಕದಲ್ಲಿ ಅದರ ನಡುವೆಯೇ ಹೆದ್ದಾರಿ ಹಾಯಿಸಿ ಬಡಾವಣೆಯನ್ನು ಸೀಳಲಾಯಿತು. ಟ್ರಾಂ ಅಷ್ಟರಲ್ಲಾಗಲೇ, 1949ರಲ್ಲಿ, ನಿಂತುಹೋಗಿತ್ತು.

ಮೈಸೂರಿನವರಿಗೆ ಇದರಲ್ಲಿ ಆಸಕ್ತಿ ಇರಬೇಕೆಂದು ನನ್ನ ಭಾವನೆ. ಪ್ಲೇಗಿನ ನಂತರ 1903ರಲ್ಲಿ ರಚನೆಯಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡಿನ ಕಾಲದಲ್ಲಿ ಇಲ್ಲಿಯೂ ಕಾರನ್ನು ಲೆಕ್ಕಕ್ಕಿಡದೆ ಬಡಾವಣೆಗಳಾದವು. ಮನೆಗಳ ಹಿಂದೆ ಕಸ, ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಬಂದವು. ಅಗ್ರಹಾರ, ಲಕ್ಷ್ಮೀಪುರಂಗಳಲ್ಲಿ ಈಗಲೂ ತರಕಾರಿಗೆ ನಡೆದೇ ಹೋಗಬಹುದು. ರಿಂಗ್ ರಸ್ತೆಯಾಚೆಯ ನಿವೇಶನಗಳಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಹೋಲಿಕೆ ಹುಡುಕಿದರೆ ಹ್ಯೂಸ್ಟನ್ ಕಡೆಗೇ ತಿರುಗಬೇಕು. ಹೊಸ ಬಡಾವಣೆಗಳಿಗೆ ನಕ್ಷೆ ಮಂಜೂರು ಮಾಡುವ ಅಧಿಕಾರಿಗಳು, ಅಂಗಡಿ ಮತ್ತು ಬಸ್ ನಿಲ್ದಾಣ ಮನೆಯಿಂದ ಎಷ್ಟು ಹೆಜ್ಜೆ ದೂರವಿದೆ ಎಂಬುದನ್ನು ರಸ್ತೆಯ ಅಗಲದಷ್ಟೇ ಕಡ್ಡಾಯವಾಗಿ ಕೇಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ಒತ್ತಾಯಿಸುತ್ತೇನೆ.

— ನಿವೃತ್ತ ಭೂಗೋಳ ಉಪನ್ಯಾಸಕ, ಕೃಷ್ಣಮೂರ್ತಿಪುರಂ, ಮೈಸೂರು