ನಡೆಯೋ ಸ್ಪೀಡು

ಚಿರಂಜೀವಿ ಪುಟ್ಟುಗೆ, ಮಾವನ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ಕಾಲೇಜು, ಕೆಲಸ, ರೂಮು ಎಲ್ಲ ಸರಿ. ಒಂದು ಸಾಲು ಮಾತ್ರ ಗಂಟಲಿಗೆ ಸಿಕ್ಕಿಕೊಂಡಿದೆ. 'ಕಾರನ್ನ ಡ್ರೈವ್‌ಗೆ ಹಾಕಿ ಇಳಿದುಬಿಡ್ತೀವಿ ಮಾವ, ಅದು ತಾನಾಗೇ ಹೋಗ್ತಿರುತ್ತೆ, ನಾವು ಪಕ್ಕದಲ್ಲಿ ಕುಣೀತೀವಿ. ಹೆದರಬೇಡಿ, ನಡೆಯೋ ಸ್ಪೀಡು ಅಷ್ಟೆ.'

ನಡೆಯೋ ಸ್ಪೀಡು ಅಂದೆಯಲ್ಲ, ನನಗೆ ನಿದ್ದೆ ಹೋಗಿದ್ದು ಅದಕ್ಕೇ.

ಈ ಆಟಕ್ಕೆ 'ಗೋಸ್ಟ್ ರೈಡಿಂಗ್ ದ ವಿಪ್' ಅಂತ ಹೆಸರಂತೆ. ವಿಪ್ ಅಂದರೆ ಬಾರುಕೋಲು ಅಂದುಕೊಂಡೆ. ಕಾರು ಅಂತ ಮಗಳು ನಕ್ಕಳು. ಅವಳೇ ಹುಡುಕಿ ಓದಿ ಹೇಳಿದಳು. ಕ್ಯಾಲಿಫೋರ್ನಿಯಾದ ಪೂರ್ವ ಓಕ್ಲೆಂಡ್‌ನಲ್ಲಿ 1980ರ ದಶಕದಲ್ಲೇ ಹುಡುಗರು ಮಾಲ್ ಪಾರ್ಕಿಂಗಿನಲ್ಲಿ ಕಾರು ಮೆರೆಸುತ್ತಿದ್ದರಂತೆ, ಸೈಡ್‌ಶೋ ಅಂತ. ಆಮೇಲೆ ಹೈಫಿ ಅನ್ನೋ ಅಲ್ಲಿನ ರ್‍ಯಾಪ್ ಹಾಡುಗಳು, ಹಾಡೋರು ಮ್ಯಾಕ್ ಡ್ರೆ, ಇ-40. 2006ರ ಹೊತ್ತಿಗೆ ಈ ಆಟ ಊರು ದಾಟಿತ್ತು. ಮೆರೆಯೋದನ್ನ ನಾನು ಹೀಗಳೆಯಲ್ಲ. ಜಾತ್ರೆಯಲ್ಲಿ ಗಾಡಿ ಓಡಿಸಿ ನಾವೂ ಮೆರೆದವರೇ. ಆದರೆ ಅದೇ ವರ್ಷ ಡಿಸೆಂಬರಿನಲ್ಲಿ ಅದೇ ರಾಜ್ಯದ ಸ್ಟಾಕ್ಟನ್‌ನಲ್ಲಿ 18 ವರ್ಷದ ಹುಡುಗನೊಬ್ಬ ಹೋಗಿಬಿಟ್ಟ. ನಿಂತಿದ್ದ ಗಾಡಿಗೆ ತಲೆ ಬಡಿದು. ಮಗಳು ಅಲ್ಲಿಗೆ ಓದೋದು ನಿಲ್ಲಿಸಿದಳು.

ಜೀಪಿನ ಕಥೆ ನಿನಗೆ ಗೊತ್ತು, ಮತ್ತೆ ಹೇಳಲ್ಲ. ಆದರೆ ಹ್ಯಾಂಡ್‌ಬ್ರೇಕ್ ಕೈಕೊಟ್ಟಿತು ಅಂತ ಮನೆಯಲ್ಲಿ ಹೇಳುತ್ತಾರಲ್ಲ, ಅದು ಸುಳ್ಳು. ನಾನು ಹಾಕಿರಲೇ ಇಲ್ಲ ಕಣೋ. ಇಂಜಿನ್ ಆನ್ ಇತ್ತು, ನ್ಯೂಟ್ರಲ್ ಮಾಡಿ ಬೀಡಿ ಹಚ್ಚೋಕೆ ಇಳಿದೆ. ಇಳಿಜಾರು ಕಣ್ಣಿಗೂ ಕಾಣದಷ್ಟು. ಜೀಪು ಮೆಲ್ಲಗೆ ಹೊರಟಿತು. ಮುಂದೆ ನಿಂತಿದ್ದ ನಮ್ಮ ಕ್ಲೀನರ್ ಹುಡುಗ ನಗುತ್ತಾ ಎರಡೂ ಕೈ ಬಾನೆಟ್ಟಿಗೆ ಕೊಟ್ಟ, ಎಮ್ಮೆ ತಡೆಯೋ ಹಾಗೆ. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದ. ಹಿಂದೆ ಕಾಫಿ ಕಣದ ಗೋಡೆ. ಎರಡು ಹೆಜ್ಜೆ ಓಡಿದ್ದರೆ ನನ್ನ ಕಾಲಿಗೆ ಬ್ರೇಕ್ ಸಿಗುತ್ತಿತ್ತು. ನಾನೂ ನಗುತ್ತಾ ನಿಂತಿದ್ದೆ. ಅಷ್ಟು ನಿಧಾನ ಇತ್ತು ಅದು.

ನೀವು ಮಕ್ಕಳೆಲ್ಲ ಕುಂಟ್ ಮಾಮ ಅಂತಿದ್ದಿರಲ್ಲ, ಅವನೇ. ಈಗಲೂ ಸಂತೆಯಲ್ಲಿ ಸಿಕ್ಕರೆ ಅವನೇ ಮೊದಲು ಮಾತಾಡಿಸುತ್ತಾನೆ. ನಾನು ಅವನ ಮುಖ ಮಾತ್ರ ನೋಡುತ್ತೇನೆ.

ಬುದ್ಧಿ ಹೇಳೋಕೆ ನಾನು ಯಾರು ಅಂತ ನಿನಗೆ ಅನ್ನಿಸಬಹುದು, ಸರಿಯೇ. ಆದರೂ ಇಳಿಯುವಾಗ ಗೇರು ಪಾರ್ಕ್‌ಗೆ ಹಾಕಪ್ಪ. ಒಂದೇ ನಿಮಿಷಕ್ಕಾದರೂ ಸೈ. ನಿಮ್ಮ ಆಟೋಮ್ಯಾಟಿಕ್ ಕಾರು ಆಕ್ಸಿಲರೇಟರ್ ಮುಟ್ಟದಿದ್ದರೂ ಡ್ರೈವ್‌ನಲ್ಲಿ ತೆವಳುತ್ತೆ, ಅದಕ್ಕೆ ನನ್ನ ಜೀಪಿನ ಹಾಗೆ ಇಳಿಜಾರೂ ಬೇಡ. ಕುಣಿಯಲೇಬೇಕಾ, ನಿಂತ ಕಾರಿನ ಪಕ್ಕ ಕುಣಿ. ಹಾಡು ಅದೇ ಅಲ್ವಾ? ಸೈಡ್‌ಶೋದಲ್ಲಿ ಸಿಕ್ಕಿಬಿದ್ದರೆ ಅಲ್ಲಿನ ಪೊಲೀಸರು 30 ದಿನದವರೆಗೂ ಗಾಡಿ ಇಟ್ಟುಕೊಳ್ಳಬಹುದಂತೆ. ಇಟ್ಟುಕೊಳ್ಳಲಿ ಬಿಡು, ನನಗೆ ಖುಷಿಯೇ. ನಿಮ್ಮಮ್ಮನಿಗೆ ಇದೇನೂ ಹೇಳಿಲ್ಲ.

ಒಂದು ಕೇಳೋದಿತ್ತು. ನೀವು ಕುಣಿಯೋದನ್ನ ಒಬ್ಬ ವಿಡಿಯೋ ಮಾಡುತ್ತಾನೆ ಅಂದಿದ್ದೆ. ಅವನು ಎಲ್ಲಿ ನಿಂತಿರುತ್ತಾನೆ? ಕಾರಿನ ಮುಂದೆ ತಾನೆ, ಹಿಂದಕ್ಕೆ ನಡೆಯುತ್ತಾ?

ನಿನ್ನ ಮಾವ